ಹಿರೋಶಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯ

ಜಪಾನಿನ ಹಿರೋಶಿಮಾ ನಗರದಲ್ಲಿರುವ ಈ ಸಂಗ್ರಹಾಲಯ 1945ರ ಆಗಸ್ಟ್ 6ರ ಅಣುಬಾಂಬ್ ದಾಳಿಗೆ ಬಲಿಯಾದವರ ನೆನಪಿಗೆ ಮುಡಿಪಾಗಿದೆ. ಇದು ಸಾರ್ವಜನಿಕರಿಗೆ ತೆರೆದದ್ದು 1955ರ ಆಗಸ್ಟ್ 24ರಂದು. ಸತ್ತವರ ಬಟ್ಟೆಬರೆ, ಬಳಸಿದ ಸಾಮಾನು, ಬದುಕುಳಿದವರು ಬರೆದ ಚಿತ್ರಗಳು, ಫೋಟೋಗಳು ಮತ್ತು ದಾಖಲೆಗಳು ಇಲ್ಲಿವೆ. ಬಾಂಬಿನ ಶಕ್ತಿಯನ್ನು ತೋರಿಸಬೇಕೆ, ಅದು ಸುಟ್ಟ ಮನುಷ್ಯರನ್ನು ತೋರಿಸಬೇಕೆ ಎಂಬ ಪ್ರಶ್ನೆಗೆ ಇದು ದಶಕಗಳ ಕಾಲ ಉತ್ತರ ಹುಡುಕುತ್ತಾ ಬಂದಿದೆ. ಸಂಗ್ರಹಾಲಯದ ಇತಿಹಾಸವನ್ನು ಅರಿಯಲು ಆ ಹುಡುಕಾಟವೇ ಸರಿಯಾದ ದಾರಿ.

ಹಿನ್ನೆಲೆ

ದಾಳಿಯ ದಿನ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅಮೆರಿಕದ ಎನೋಲಾ ಗೇ ವಿಮಾನ ಎಸೆದ ಯುರೇನಿಯಂ ಬಾಂಬ್ ನಗರದ ನಡುಭಾಗದಲ್ಲಿ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಮಂದಿ ಸತ್ತರೆಂದು ಅಂದಾಜು. ವಾಯುದಾಳಿಯ ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಅಂದು ಸಾವಿರಾರು ಶಾಲಾ ಮಕ್ಕಳನ್ನು ಹಚ್ಚಲಾಗಿತ್ತು. ಹನ್ನೆರಡು, ಹದಿಮೂರು ವರ್ಷದ ಆ ಮಕ್ಕಳು ಬಯಲಲ್ಲಿ ನಿಂತಿದ್ದಾಗಲೇ ಬಾಂಬ್ ಸಿಡಿಯಿತು. ಅವರಲ್ಲಿ ಬಹುಪಾಲು ಮಂದಿ ಉಳಿಯಲಿಲ್ಲ. ಸಂಗ್ರಹಾಲಯದಲ್ಲಿರುವ ಸುಟ್ಟ ಸಮವಸ್ತ್ರಗಳಲ್ಲಿ ಅನೇಕವು ಈ ಮಕ್ಕಳವು.

ಸಂಗ್ರಹದ ಆರಂಭ

ದಾಳಿಯ ಬೆನ್ನಲ್ಲೇ ನಗರಕ್ಕೆ ಬಂದ ಭೂವಿಜ್ಞಾನಿ ನಾಗಾಓಕಾ ಶೋಗೊ ಕಲ್ಲುಗಳ ಮೇಲ್ಮೈ ಕರಗಿ ಮುಳ್ಳುಮುಳ್ಳಾಗಿರುವುದನ್ನು ಗಮನಿಸಿದರು. ಇದು ಸಾಮಾನ್ಯ ಬಾಂಬಿನ ಕೆಲಸವಲ್ಲವೆಂದು ಅವರಿಗೆ ಹೊಳೆಯಿತು. ಅವಶೇಷಗಳ ನಡುವೆ ಅಲೆದು ಕಲ್ಲು, ಗುಳ್ಳೆಯೆದ್ದ ಹೆಂಚು, ಕರಗಿದ ಗಾಜುಗಳನ್ನು ಕೂಡಿಹಾಕತೊಡಗಿದರು. 1945ರ ಸೆಪ್ಟೆಂಬರಿನಲ್ಲಿ ಜಪಾನನ್ನು ವಶಕ್ಕೆ ತೆಗೆದುಕೊಂಡಿದ್ದ ಅಮೆರಿಕದ ಆಡಳಿತ ಪತ್ರಿಕೆಗಳಿಗೆ ನಿರ್ಬಂಧ ಹೇರಿದ್ದರಿಂದ ದಾಳಿಯ ಬಗ್ಗೆ ಬಿಚ್ಚಿ ಬರೆಯುವುದು ವರ್ಷಗಟ್ಟಲೆ ಕಷ್ಟವಾಗಿತ್ತು. ಅಂಥ ದಿನಗಳಲ್ಲಿ ಒಬ್ಬರ ಹಟದಿಂದ ಉಳಿದ ಈ ಸಾಕ್ಷ್ಯ 1949ರ ಸೆಪ್ಟೆಂಬರಿನಲ್ಲಿ ನಗರದ ಸಮುದಾಯ ಭವನದ ಕೋಣೆಯೊಂದರಲ್ಲಿ ಪ್ರದರ್ಶನಕ್ಕೆ ಬಂತು. ಮುಂದೆ ಸಂಗ್ರಹಾಲಯ ತೆರೆದಾಗ ನಾಗಾಓಕಾ ಅವರೇ ಅದರ ಮೊದಲ ನಿರ್ದೇಶಕರಾದರು.

ಕಟ್ಟಡ

ಹಿರೋಶಿಮಾವನ್ನು ಶಾಂತಿ ಸ್ಮಾರಕ ನಗರವಾಗಿ ಕಟ್ಟುವ ವಿಶೇಷ ಕಾಯ್ದೆ 1949ರ ಆಗಸ್ಟ್ 6ರಂದು ಜಾರಿಗೆ ಬಂತು. ಅದೇ ವರ್ಷ ನಡೆದ ವಿನ್ಯಾಸ ಸ್ಪರ್ಧೆಯಲ್ಲಿ ವಾಸ್ತುಶಿಲ್ಪಿ ಕೆಂಜೊ ಟಾಂಗೆ ಅವರ ತಂಡ ಗೆದ್ದಿತು. ಕಂಬಗಳ ಮೇಲೆ ನೆಲದಿಂದ ಎತ್ತಿ ನಿಲ್ಲಿಸಿದ ಉದ್ದನೆಯ ಕಾಂಕ್ರೀಟ್ ಕಟ್ಟಡ, ಅದರ ಎದುರಿಗೆ 1952ರಲ್ಲಿ ಕಟ್ಟಿದ ಕಮಾನಿನ ಸ್ಮಾರಕ, ನದಿಯಾಚೆ ದಾಳಿಯಲ್ಲಿ ಪಾಳಾಗಿ ನಿಂತ ಗುಮ್ಮಟದ ಕಟ್ಟಡದ ಅವಶೇಷ, ಈ ಮೂರೂ ಒಂದೇ ನೇರ ರೇಖೆಯಲ್ಲಿವೆ. 1915ರಲ್ಲಿ ಚೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಜೆಲ್ ವಿನ್ಯಾಸದಂತೆ ಕಟ್ಟಿದ ಆ ಗುಮ್ಮಟದ ಕಟ್ಟಡವನ್ನು ಕೆಡವಬೇಕೇ ಉಳಿಸಬೇಕೇ ಎಂಬ ಚರ್ಚೆ ಬಹುಕಾಲ ನಡೆದು, 1966ರಲ್ಲಿ ನಗರಸಭೆ ಉಳಿಸಿಕೊಳ್ಳಲು ನಿರ್ಣಯಿಸಿತು. 1996ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2006ರಲ್ಲಿ ಸಂಗ್ರಹಾಲಯದ ಮುಖ್ಯ ಕಟ್ಟಡಕ್ಕೂ ರಾಷ್ಟ್ರದ ಪ್ರಮುಖ ಸಾಂಸ್ಕೃತಿಕ ಆಸ್ತಿಯ ಮಾನ್ಯತೆ ದೊರೆಯಿತು.

ಸಂಗ್ರಹಾಲಯವಿರುವ, ಇಂದು ಮರಗಳಿಂದ ತುಂಬಿರುವ ಉದ್ಯಾನ ದಾಳಿಗೆ ಮೊದಲು ಮನೆ, ಅಂಗಡಿ, ದೇಗುಲಗಳು ಒತ್ತೊತ್ತಾಗಿದ್ದ ನಾಕಾಜಿಮಾ ಪ್ರದೇಶವಾಗಿತ್ತು. ಭೂಕಂಪ ನಿರೋಧಕ ಕಾಮಗಾರಿಗಾಗಿ ಮುಖ್ಯ ಕಟ್ಟಡದ ನೆಲ ಅಗೆದಾಗ ಆ ಕೇರಿಯ ಕುರುಹುಗಳು ಮತ್ತೆ ಬೆಳಕಿಗೆ ಬಂದವು.

ಪ್ರದರ್ಶನ: ವಾದ ಮತ್ತು ಬದಲಾವಣೆ

ತೆರೆದ ಮರುವರ್ಷವೇ ಸಂಗ್ರಹಾಲಯ ಬಿಕ್ಕಟ್ಟಿಗೆ ಸಿಕ್ಕಿತು. 1956ರಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯನ್ನು ಸಾರುವ, ಅಮೆರಿಕದ ಬೆಂಬಲದ ಪ್ರದರ್ಶನ ಇದೇ ಕಟ್ಟಡದಲ್ಲಿ ನಡೆಯಿತು. ಸತ್ತವರ ವಸ್ತುಗಳನ್ನು ಅದಕ್ಕಾಗಿ ಬೇರೆಡೆಗೆ ಸಾಗಿಸಲಾಯಿತು. ಸ್ಮಾರಕಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ.

1974ರಲ್ಲಿ ಬದುಕುಳಿದವರೊಬ್ಬರು ತಾವು ಕಂಡದ್ದನ್ನು ಚಿತ್ರಿಸಿ ಎನ್‌ಎಚ್‌ಕೆ ಪ್ರಸಾರ ಕೇಂದ್ರಕ್ಕೆ ತಂದರು. ಅದರಿಂದ ಪ್ರೇರಿತವಾದ ಕರೆಗೆ ಓಗೊಟ್ಟು, ಚಿತ್ರ ಬರೆಯಲು ಕಲಿಯದ ಸಾಮಾನ್ಯರು ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೊಟ್ಟರು. ಆ ದಿನ ನೆಲದಲ್ಲಿ ಏನಾಯಿತೆಂದು ತೋರಿಸುವ ಫೋಟೋಗಳು ಬೆರಳೆಣಿಕೆಯಷ್ಟು. ಆ ಕೊರತೆಯನ್ನು ತುಂಬಿದ ಅಪೂರ್ವ ಸಾಕ್ಷ್ಯ ಈ ಚಿತ್ರಗಳು.

1994ರಲ್ಲಿ ಪೂರ್ವ ಕಟ್ಟಡ ಸೇರ್ಪಡೆಯಾಯಿತು. ಹಿರೋಶಿಮಾ ಸೇನಾ ನಗರವಾಗಿತ್ತು, 1894ರ ಚೀನಾ-ಜಪಾನ್ ಯುದ್ಧದಲ್ಲಿ ಚಕ್ರವರ್ತಿಯ ಯುದ್ಧ ಕಚೇರಿ ಇಲ್ಲಿತ್ತು ಎಂಬುದನ್ನೂ ಅದು ಹೇಳಿತು. ದಾಳಿಯಲ್ಲಿ ಸತ್ತ ಕೊರಿಯನ್ನರ ನೆನಪೂ ನಿಧಾನವಾಗಿ ಒಳಬಂತು. 1970ರಲ್ಲಿ ಉದ್ಯಾನದ ಹೊರಗೆ ಸ್ಥಾಪಿಸಿದ್ದ ಅವರ ಸ್ಮಾರಕ 1999ರಲ್ಲಿ ಒಳಗೆ ಬಂದು ನಿಂತಿತು.

ಸುಟ್ಟ ಚರ್ಮ ಜೋತಾಡುತ್ತಾ ನಡೆಯುವ ಜನರ ಆಳೆತ್ತರದ ಬೊಂಬೆಗಳು ಇಲ್ಲಿನ ಅತ್ಯಂತ ಪರಿಚಿತ ಪ್ರದರ್ಶನವಾಗಿದ್ದವು. 2017ರಲ್ಲಿ ಅವನ್ನು ತೆಗೆದಾಗ, ಭೀಕರತೆಯನ್ನು ಮರೆಮಾಚಿದಂತಾಗುತ್ತದೆ ಎಂದು ಅನೇಕರು ವಿರೋಧಿಸಿದರು. ನಿಜವಾದ ವಸ್ತುಗಳೇ ಮಾತಾಡಲಿ ಎಂಬುದು ಸಂಗ್ರಹಾಲಯದ ನಿಲುವಾಗಿತ್ತು. 2019ರ ಏಪ್ರಿಲ್ 25ರಂದು ನವೀಕರಣಗೊಂಡು ತೆರೆದ ಮುಖ್ಯ ಕಟ್ಟಡ ಈ ನಿಲುವಿನ ಮೇಲೆ ರೂಪುಗೊಂಡಿದೆ.

ಭೇಟಿ

ಈಗ ನೋಡುಗರು ಮೊದಲು ಸತ್ತವರನ್ನು ಎದುರುಗೊಳ್ಳುತ್ತಾರೆ. ಅಣ್ವಸ್ತ್ರಗಳ ಅಪಾಯ, ನಗರದ ಇತಿಹಾಸ ಆಮೇಲೆ. ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತಿದ್ದವರ ನೆರಳು ಅಚ್ಚಾಗಿ ಉಳಿದ ಕಲ್ಲು, ಅನ್ನ ಇದ್ದಿಲಾದ ವಿದ್ಯಾರ್ಥಿಯ ಬುತ್ತಿ, ಮೂರು ವರ್ಷದ ಮಗುವಿನ ಜೊತೆ ತಂದೆ ಮಣ್ಣು ಮಾಡಿ ದಶಕಗಳ ನಂತರ ಹೊರತೆಗೆದು ಕೊಟ್ಟ ಮೂರು ಗಾಲಿಯ ಸೈಕಲ್ ಇಲ್ಲಿವೆ. ವಸ್ತುವಿನ ಪಕ್ಕದಲ್ಲಿ ಅದರ ಒಡೆಯರ ಹೆಸರು, ವಯಸ್ಸು, ಅವರ ಕೊನೆಯ ಗಳಿಗೆಗಳ ವಿವರ ಓದಸಿಗುತ್ತದೆ. ಲಕ್ಷದ ಲೆಕ್ಕದಲ್ಲಿ ಕಳೆದುಹೋದ ಒಬ್ಬೊಬ್ಬರನ್ನೂ ಹೀಗೆ ಮರಳಿ ಮನುಷ್ಯರಾಗಿ ಕಾಣಿಸುವುದೇ ಈ ಸಂಗ್ರಹಾಲಯದ ಅತಿ ದೊಡ್ಡ ಸಾಧನೆ.

ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ 2016ರ ಮೇ 27ರಂದು, ಜಿ-7 ರಾಷ್ಟ್ರಗಳ ನಾಯಕರು 2023ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದಿದ್ದರು. ಭಾರತದ ಪ್ರಧಾನಿ ಜವಾಹರಲಾಲ್ ನೆಹರು 1957ರ ಅಕ್ಟೋಬರಿನಲ್ಲೇ ಹಿರೋಶಿಮಾಕ್ಕೆ ಹೋಗಿದ್ದರು.

ಇಂದಿನ ಹೊಣೆ

ಬದುಕುಳಿದವರ ಸಂಘಟನೆಗಳ ಒಕ್ಕೂಟ ನಿಹೊನ್ ಹಿದಾಂಕ್ಯೊಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಆ ಹೊತ್ತಿಗೆ ಬದುಕುಳಿದವರ ಸರಾಸರಿ ವಯಸ್ಸು 85 ದಾಟಿತ್ತು. ಅವರ ಕಥನವನ್ನು ಕಲಿತು ಮುಂದಿನವರಿಗೆ ಹೇಳುವವರಿಗೆ ನಗರ 2012ರಿಂದ ತರಬೇತಿ ಕೊಡುತ್ತಿದೆ. ಕಣ್ಣಾರೆ ಕಂಡವರು ಇಲ್ಲವಾದಂತೆ ಸಾಕ್ಷಿ ಹೇಳುವ ಭಾರ ಈ ವಸ್ತುಗಳ ಮೇಲೆ, ಅವನ್ನು ನೋಡಿ ಬಂದವರ ಮೇಲೆ ಬೀಳುತ್ತದೆ. ಅಣ್ವಸ್ತ್ರಗಳುಳ್ಳ ದೇಶಗಳ ಪ್ರಜೆಗಳಿಗೆ, ನಾವೂ ಸೇರಿದಂತೆ, ಈ ಹೊಣೆ ಇನ್ನೂ ಹೆಚ್ಚು: ನಮ್ಮ ಹೆಸರಿನಲ್ಲಿ ಇಟ್ಟುಕೊಂಡಿರುವ ಅಸ್ತ್ರ ಮನುಷ್ಯರಿಗೆ ಏನು ಮಾಡುತ್ತದೆಂದು ತಿಳಿದಿರುವುದು ನಮ್ಮ ಕರ್ತವ್ಯ.