ಮುಲ್ಕಿ, ಗೈರ್‌ಮುಲ್ಕಿ

ನಮ್ಮ ಅತ್ತೆಯವರ ತವರು ಸೊಲ್ಲಾಪುರ. ಕಲಬುರಗಿಗೂ ಸೊಲ್ಲಾಪುರಕ್ಕೂ ಅರ್ಧ ದಿನದ ಹಾದಿಯೂ ಇಲ್ಲ. ಆದರೆ ಅವರು ಮದುವೆಯಾಗಿ ಬಂದ ಕಾಲಕ್ಕೆ ಅದು ಇಂಗ್ಲಿಷರ ಊರು, ಇದು ನಿಜಾಮರದು. ಅಲ್ಲಿಯ ಕಲ್ದಾರ್ ರೂಪಾಯಿ ಬೇರೆ, ಇಲ್ಲಿಯ ಹಾಲಿ ಸಿಕ್ಕಾ ಬೇರೆ. ಏಳು ಹಾಲಿ ರೂಪಾಯಿ ಕೊಟ್ಟರೆ ಹೆಚ್ಚುಕಡಿಮೆ ಆರು ಕಲ್ದಾರ್ ಬರುತ್ತಿತ್ತು. ತವರಿನವರು ಕಟ್ಟಿಕೊಟ್ಟ ಚಾದರದ ಗಂಟನ್ನು ಗಡಿಯಲ್ಲಿ ಕರೋಡಗಿರಿಯವರು, ಅಂದರೆ ಸುಂಕದವರು, ಬಿಚ್ಚಿಸಿ ನೋಡಿದ್ದನ್ನು ಅತ್ತೆಯವರು ಮುಪ್ಪಿನಲ್ಲೂ ಸಿಟ್ಟಿನಿಂದಲೇ ಹೇಳುತ್ತಿದ್ದರು. ಹೈದರಾಬಾದು ಮಾತ್ರ ಪರರಾಜ್ಯವಲ್ಲ, ರಾಜಧಾನಿ. ವಾಡಿಯಲ್ಲಿ ಗಾಡಿ ಬದಲಿಸಿದರೆ ಮುಂದೆ ನಿಜಾಮರ ರೈಲು.

ಆ ಸಂಸ್ಥಾನದಲ್ಲಿ ಒಂದು ಕಾನೂನಿತ್ತು. 1919ರ ಫರ್ಮಾನಿನ ಪ್ರಕಾರ ಸರಕಾರಿ ನೌಕರಿ ಮುಲ್ಕಿಗಳಿಗೆ, ಎಂದರೆ ನಾಡಿನವರಿಗೆ. ಹೊರಗಿನವನು ಮುಲ್ಕಿಯಾಗಬೇಕಾದರೆ ಹದಿನೈದು ವರ್ಷ ಅಲ್ಲಿ ನೆಲೆಸಿರಬೇಕು, ಮರಳಿ ಸ್ವಂತ ಊರಿಗೆ ಹೋಗುವ ಯೋಚನೆ ಬಿಟ್ಟಿದ್ದೇನೆ ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಹೆಣ್ಣುಮಕ್ಕಳಿಗೆ ಈ ತೊಂದರೆಯಿಲ್ಲ. ಮುಲ್ಕಿಯ ಹೆಂಡತಿ ಮುಲ್ಕಿ. ಅಕ್ಕಿಕಾಳು ಬಿದ್ದ ಗಳಿಗೆಗೆ ಸೊಲ್ಲಾಪುರದ ಹುಡುಗಿ ನಿಜಾಮರ ಪ್ರಜೆಯಾಗಿದ್ದಳು. ಆಕೆಯನ್ನು ಯಾರೂ ಕೇಳಲಿಲ್ಲ ಎನ್ನುವುದು ಬೇರೆ ಮಾತು.

1948ರ ಪೋಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಹೋಯಿತು. ಮುಲ್ಕಿಯ ನಿಯಮ ಹೋಗಲಿಲ್ಲ. ಹೊರಗಿನಿಂದ ಬಂದು ನೌಕರಿ ಹಿಡಿದವರ ವಿರುದ್ಧ 1952ರಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಹುಡುಗರು ದಂಗೆಯೆದ್ದರು, ಗೋಲಿಬಾರಾಗಿ ಸಾವುಗಳಾದವು. ಆಮೇಲೆ 1956ರ ನವೆಂಬರ್ 1. ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ, ಬೀದರ್, ಕಲಬುರಗಿ, ರಾಯಚೂರು ಮೈಸೂರಿಗೆ. ನಿನ್ನೆಯ ರಾಜಧಾನಿ ಇಂದು ಪರರಾಜ್ಯ.

ಜಿಲ್ಲೆಗಳನ್ನು ಹಂಚಿದಂತೆ ನೌಕರರನ್ನೂ ಹಂಚಿದರು. ಹೈದರಾಬಾದಿನ ಕಂದಾಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮಾವನವರು ಮೈಸೂರು ರಾಜ್ಯದ ಪಾಲಿಗೆ ಬಂದು ಬೆಂಗಳೂರು ಸೇರಿದರು. ಉರ್ದುವಿನಲ್ಲಿ ಮಿಸಲು ಬರೆದು ಪಳಗಿದ ಕೈ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯಬೇಕಾಯಿತು. ಯಾರು ಹಿರಿಯರು, ಯಾರು ಕಿರಿಯರು ಎಂಬ ಜ್ಯೇಷ್ಠತೆಯ ತಕರಾರು ಅವರ ಕೊರಳಿಗೆ ಸುತ್ತಿಕೊಂಡದ್ದು ನಿವೃತ್ತಿಯವರೆಗೂ ಬಿಡಲಿಲ್ಲ. ಅತ್ತೆಯವರ ಕಷ್ಟ ಅಡಿಗೆಮನೆಯದು. ಅಂಗಡಿಯಲ್ಲಿ ಒಳ್ಳೆಯ ಬಿಳಿಜೋಳ ಸಿಗದು, ಸಿಕ್ಕರೆ ಬೀಸುವವರಿಲ್ಲ. ವಠಾರದವರು ಅವರ ಮಾತಿಗೆ ನಗುವರು. ಕನ್ನಡನಾಡು ಒಂದಾಯಿತೆಂದು ಎಲ್ಲರೂ ಹಬ್ಬ ಮಾಡುತ್ತಿದ್ದಾಗ ಈಕೆ ಒಲೆಯ ಮುಂದೆ ಕೂತು ಅತ್ತಿದ್ದರಂತೆ. ಏಕೀಕರಣದ ಇತಿಹಾಸ ಬರೆದವರು ಇಂಥ ಒಲೆಗಳ ಮುಂದೆ ಕೂತು ಕೇಳಿದ್ದು ಕಡಿಮೆ.

ಅವರೊಂದು ಮಾತು ಹೇಳುತ್ತಿದ್ದರು: "ಊರು ಬಿಟ್ರ ಇನ್ನೊಂದು ಊರು ಸಿಗತದವಾ, ಕಾಗದ ಮಾತ್ರ ಬಿಡಬ್ಯಾಡ." ತಗಡಿನ ಪೆಟ್ಟಿಗೆಯಲ್ಲಿ ಮಾವನವರ ಮುಲ್ಕಿ ಸರ್ಟಿಫಿಕೇಟು ಕೊನೆಯವರೆಗೂ ಇತ್ತು. ಆ ಹೊತ್ತಿಗೆ ಅದು ಯಾವ ಕೆಲಸಕ್ಕೂ ಬಾರದು. 1972ರಲ್ಲಿ ಸುಪ್ರೀಂ ಕೋರ್ಟು ಮುಲ್ಕಿ ನಿಯಮ ಸರಿಯೆಂದಿತು, ಆಂಧ್ರದಲ್ಲಿ ಬೆಂಕಿ ಹೊತ್ತಿತು, 1973ರಲ್ಲಿ ನಿಯಮವನ್ನೇ ರದ್ದು ಮಾಡಿ ಸಂವಿಧಾನಕ್ಕೆ 371ಡಿ ಎಂಬ ವಿಧಿ ಸೇರಿಸಿದರು.

ಹೆಸರು ಹೋಯಿತು, ಜೀವ ಹೋಗಲಿಲ್ಲ. ಮುಲ್ಕಿಯ ಬದಲು 'ಲೋಕಲ್' ಎಂದರು, ಅಷ್ಟೆ. ಆ ವಿಧಿಯ ಆಧಾರದಲ್ಲಿ ಹೈದರಾಬಾದಿನ ಕಾಲೇಜುಗಳಲ್ಲಿ ಮಗು ಲೋಕಲ್ ಎನಿಸಿಕೊಳ್ಳಲು ಸಾಮಾನ್ಯವಾಗಿ ಕೊನೆಯ ನಾಲ್ಕು ವರ್ಷ ಅಲ್ಲೇ ಓದಿರಬೇಕು. ವೈದ್ಯಕೀಯ ಸೀಟಿಗೆ ಒಂಬತ್ತರಿಂದ ಹನ್ನೆರಡರವರೆಗೆ ತೆಲಂಗಾಣದಲ್ಲೇ ಓದಿರಬೇಕೆಂಬ ನಿಯಮವನ್ನು 2025ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ನಮ್ಮ ಕಡೆಗೂ 371ಜೆ ಬಂತು, 98ನೆಯ ತಿದ್ದುಪಡಿಯಿಂದ. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ ಎಪ್ಪತ್ತು ಸೀಟು, ಉಳಿದ ಕರ್ನಾಟಕದಲ್ಲಿ ಎಂಟು ನಮ್ಮ ಮಕ್ಕಳಿಗೆ. ಬೇಕಾದ್ದೇ, ನಾನು ಬೇಡವೆನ್ನುವುದಿಲ್ಲ. ಆದರೆ ನಿಜಾಮರ ಒಂದು ಅಂಗಿಯನ್ನು ಹರಿದು ಹಂಚಿಕೊಂಡವರೆಲ್ಲ ಅದರ ಗುಂಡಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಂತೆ ನನಗೆ ಕಾಣುತ್ತದೆ.

ಇದೆಲ್ಲ ಹಳೆಯ ಕಥೆಯೆಂದು ನಾನೂ ಸುಮ್ಮನಿರುತ್ತಿದ್ದೆ. ಕಳೆದ ವರ್ಷ ಅಳಿಯಂದಿರಿಗೆ ಹೈದರಾಬಾದಿಗೆ ವರ್ಗವಾಯಿತು. ಮಗಳು ಪಾತ್ರೆಪಡಗ ಕಟ್ಟುವ ಗಡಿಬಿಡಿಯಲ್ಲಿದ್ದರೆ ನಾನು ಕಾಗದಗಳನ್ನು ಹರವಿಕೊಂಡು ಕೂತೆ. ಕೆಲವು ಕಾಗದ ದೇಶದ್ದು, ಕೆಲವು ರಾಜ್ಯದ್ದು. ರೇಷನ್ ಕಾರ್ಡಿನ ಕೇಂದ್ರದ ಧಾನ್ಯ 2022ರಿಂದ ಎಲ್ಲ ರಾಜ್ಯಗಳಲ್ಲೂ ಸಿಗುತ್ತದೆ. ಅದೇ ಕಾರ್ಡನ್ನು ನಂಬಿದ ಗೃಹಲಕ್ಷ್ಮಿ ಕರ್ನಾಟಕದ್ದು, ಗಡಿ ದಾಟುವವಳಲ್ಲ. ಸ್ಕೂಟರನ್ನು ಹನ್ನೆರಡು ತಿಂಗಳ ಮೇಲೆ ಅಲ್ಲಿ ಇಟ್ಟುಕೊಂಡರೆ ಹೊಸ ನಂಬರು, ಹೊಸ ತೆರಿಗೆ. ಮತದಾರರ ಪಟ್ಟಿಯಲ್ಲಿ ಹೆಸರನ್ನು ನಾವೇ ಅರ್ಜಿ ಕೊಟ್ಟು ಸಾಗಿಸಬೇಕು. ಶಾಲೆಯ ಟಿ.ಸಿ.ಗೆ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಂಡೇ ಹೊರಡುವುದು ಒಳ್ಳೆಯದು. ಅಲ್ಲಿಂದ ತಿರುಗಿ ಬಂದು ಹಾಕಿಸುವುದು ಯಾರ ಕೈಲಾದೀತು?

ಇವೆಲ್ಲ ಓಡಾಡಿದರೆ ಆಗುವ ಕೆಲಸ. ಓಡಾಡಿದರೂ ಆಗದ್ದು ಜಾತಿ ಪ್ರಮಾಣಪತ್ರದ್ದು. ಆಂಧ್ರದಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಬಂದು ಬೆಳೆದ ಹುಡುಗನೊಬ್ಬ ಅಲ್ಲಿ ಪರಿಶಿಷ್ಟ ಪಂಗಡದ ಮೀಸಲಿನಲ್ಲಿ ವೈದ್ಯಕೀಯ ಸೀಟು ಕೇಳಿದ. 1990ರಲ್ಲಿ ಸುಪ್ರೀಂ ಕೋರ್ಟು ಆಗದೆಂದಿತು. ಹುಟ್ಟಿದ ರಾಜ್ಯದ ಪಟ್ಟಿ ಆ ರಾಜ್ಯಕ್ಕೇ, ವಲಸೆ ಬಂದವನ ಬೆನ್ನಿಗೆ ಬರುವುದಿಲ್ಲ. ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋಗುವ ಹೆಣ್ಣುಮಕ್ಕಳಿಗೂ ಇದೇ ಮಾತು. ಮುಲ್ಕಿಯ ಹೆಂಡತಿ ಮುಲ್ಕಿ ಎಂದಿದ್ದ ನಿಜಾಮರ ಕಾಯಿದೆಯೇ ಈ ಒಂದು ವಿಷಯದಲ್ಲಿ ಮೆತ್ತಗಿತ್ತೇನೋ ಅನಿಸುತ್ತದೆ. ಬೀಗರು ಬೇರೆ ರಾಜ್ಯದವರಾದರೆ ಬಂಗಾರದ ಮಾತಿಗೆ ಮುಂಚೆ ಇದನ್ನು ಕೇಳಿಕೊಳ್ಳಬೇಕು. ಯಾರೂ ಕೇಳುವುದಿಲ್ಲ.

ನಮ್ಮ ಮನೆಯಲ್ಲಿ ಗಂಟು ಬಿದ್ದದ್ದು ಮೊಮ್ಮಗಳ ಓದಿನಲ್ಲಿ. ಅವಳಾಗಲೇ ಒಂಬತ್ತು ಮುಗಿಸಿದ್ದಳು. ಈಗ ಹೋದರೆ ಹನ್ನೆರಡು ಮುಗಿಯುವ ಹೊತ್ತಿಗೆ ತೆಲಂಗಾಣದಲ್ಲಿ ಮೂರೇ ವರ್ಷವಾಗುತ್ತದೆ, ನಾಲ್ಕಾಗದು. ಕರ್ನಾಟಕದ ಸಿ.ಇ.ಟಿ.ಯ ಸಾಮಾನ್ಯ ನಿಯಮಕ್ಕೆ ಇಲ್ಲಿ ಏಳು ವರ್ಷ ಓದಿರಬೇಕು, ಜೊತೆಗೆ ಎಸ್.ಎಸ್.ಎಲ್.ಸಿ.ಯನ್ನೋ ಎರಡನೆಯ ಪಿ.ಯು.ಸಿ.ಯನ್ನೋ ಇಲ್ಲೇ ಪಾಸಾಗಿರಬೇಕು. ವರ್ಷಗಳಿವೆ, ಪರೀಕ್ಷೆಯಿಲ್ಲ. ಅತ್ತ ಲೋಕಲ್ ಅಲ್ಲ, ಇತ್ತಲೂ ಅಲ್ಲ. ಒಂಬತ್ತರ ಹುಡುಗಿ ಒಂದು ಬೇಸಗೆ ರಜೆಯಲ್ಲಿ ಗೈರ್‌ಮುಲ್ಕಿಯಾಗುವುದು ಹೀಗೆ.

ಲೆಕ್ಕ ಬಿಡಿಸಿ ಹೇಳಿದಾಗ ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಹತ್ತನೆಯ ವರ್ಷ ತಾಯಿ ಹತ್ತಿರವಿರಬೇಕಾದ ವರ್ಷ ಎಂದಳು. ಅದೂ ನಿಜ. ಕೊನೆಗೆ ಹುಡುಗಿಯೇ, "ಒಂದು ವರ್ಷ ಅಜ್ಜಿ ಹಂತೇಕ ಇರ್ತೀನಿ ಬಿಡಮ್ಮಾ" ಅಂದಳು. ಜೂನಿನಲ್ಲಿ ಅಳಿಯಂದಿರು, ಮಗಳು, ಸಣ್ಣವನು ಹೈದರಾಬಾದಿಗೆ ಹೋದರು. ಮಗಳು ಪ್ರತಿ ಎರಡನೆಯ ಶನಿವಾರ ಬರುತ್ತಾಳೆ. ಬಸ್ಸಿನಲ್ಲಿ ಕರ್ನಾಟಕದ ಆಧಾರ್ ತೋರಿಸಿದರೂ ರಾಜ್ಯ ದಾಟುವ ಹಾದಿಗೆ ದುಡ್ಡು ಕೊಡಲೇಬೇಕು ಎಂದು ಪ್ರತಿಸಲವೂ ಗೊಣಗುತ್ತಾಳೆ. ಹೋಗುವಾಗ ಹತ್ತು ಕಿಲೋ ಬಿಳಿಜೋಳದ ಹಿಟ್ಟು ಕಟ್ಟಿಕೊಡುತ್ತೇನೆ. ಹೈದರಾಬಾದಿನಲ್ಲೂ ಜೋಳ ಸಿಗುತ್ತದೆಂದು ನನಗೆ ಗೊತ್ತು. ಈಗ ಗಂಟು ಬಿಚ್ಚಿಸಿ ನೋಡುವವರಿಲ್ಲ.