ವರ್ಣಚಿತ್ರದಲ್ಲಿ ತೇರು

ಧಾರವಾಡ ಸೀಮೆಯ ಉಪ್ಪಿನಬೆಟಗೇರಿಯಂತಹ ಊರುಗಳಲ್ಲಿ, ಜಾತ್ರೆಯ ತೇರಿಗೆ ಉತ್ತತ್ತಿ ಎಸೆದು ಬೆಳೆದವರಿಗೆ, ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ದಕ್ಷಿಣದೇಶದ ಚಿತ್ರಕಾರರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗಾಗಿ ಬರೆದ ರಥಗಳ ಜಲವರ್ಣಚಿತ್ರಗಳನ್ನು ಅರ್ಥೈಸುವುದು ದುಸ್ಸಾಧ್ಯವೇನಲ್ಲ. 1800ರಲ್ಲಿ ಮೈಸೂರಿನ ಮೋಜಣಿಯನ್ನಾರಂಭಿಸಿ, 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಪದವಿಗೇರಿದ ಕಾಲಿನ್ ಮೆಕೆಂಜಿಯು ಶಾಸನ, ಕೈಫಿಯತ್ತು (ಸ್ಥಳವೃತ್ತಾಂತ)ಗಳೊಡನೆ ಚಿತ್ರಗಳನ್ನೂ ಸಂಗ್ರಹಿಸಿದುದು ಆ ಅಧಿಕಾರಿಗಳಿಗೆ ಈ ನಾಡಿನ ಬಗೆಗಿದ್ದ ಜಿಜ್ಞಾಸೆಯ ಫಲವಾಗಿತ್ತು.

ಚಿತ್ರದಲ್ಲಿ ಮೊದಲು ಗಮನಿಸತಕ್ಕದ್ದು ರಥದ ಎರಡು ಭಾಗಗಳ ಭೇದವನ್ನು. ಗಾಲಿ, ಅಚ್ಚು, ದೇವತಾಮೂರ್ತಿಗಳನ್ನು ಸಾಲುಸಾಲಾಗಿ ಕೆತ್ತಿದ ಗಡ್ಡೆ ಇವು ತಲೆಮಾರುಗಳ ಕಾಲ ಬಾಳುವ ಮರಗೆಲಸ. ಅದರ ಮೇಲೆ ಬಿದಿರು, ಬಟ್ಟೆ, ಪತಾಕೆಗಳಿಂದೇರುವ ಗೋಪುರವಾದರೋ ಉತ್ಸವಕ್ಕೆಂದು ಕಟ್ಟಿ ಬಿಚ್ಚತಕ್ಕದ್ದು. ಆದುದರಿಂದ ಕೆತ್ತನೆಯು ಬಡಗಿಯ ಪರಂಪರೆಗೆ ಸಾಕ್ಷಿಯಾದರೆ, ಬಟ್ಟೆಯ ವರ್ಣವಿನ್ಯಾಸವು ಆ ಕಾಲದ ಉತ್ಸವವೈಭವಕ್ಕೆ ಸಾಕ್ಷಿ.

ಮಿಣಿ ಎಳೆಯುವ ಭಕ್ತಸಮೂಹವನ್ನು ಬಿಟ್ಟು, ಖಾಲಿ ಕಾಗದದ ನಡುವೆ ರಥವೊಂದನ್ನೇ ಚಿತ್ರಿಸಿದ್ದರೆ, ಅದು ಭಕ್ತಿಗಿಂತ ವಸ್ತುವಿವರಣೆಯನ್ನು ಬಯಸಿದ ಪೋಷಕನ ಅಭಿರುಚಿಯೆಂದು ತಿಳಿಯಬೇಕು. ವಿಲಾಯತಿ ಕಾಗದವನ್ನು ಬೆಳಕಿಗೆ ಹಿಡಿದಾಗ ಜಲಮುದ್ರೆಯಲ್ಲಿ ಇಸವಿ ಕಂಡಿತೋ, ಚಿತ್ರವು ಅದಕ್ಕಿಂತ ಪೂರ್ವದ್ದಲ್ಲವೆಂಬುದು ಸಿದ್ಧ. ಮರದ ಗಡ್ಡೆ ಇಂದಿಗೂ ತೇರಿನ ಮನೆಯಲ್ಲಿ ಉಳಿದಿರಬಹುದು. ಬಟ್ಟೆಯ ಗೋಪುರಕ್ಕೆ ಮಾತ್ರ ಇಂತಹ ಚಿತ್ರಗಳೇ ಇತಿಹಾಸಕಾರನ ಆಧಾರ.