ದೂರೀಕರಣ ಅಭಿನಯ

ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ (1898–1956) ರೂಪಿಸಿದ ಅಭಿನಯ ಕ್ರಮ. ಪ್ರೇಕ್ಷಕ ಪಾತ್ರದ ದುಃಖದಲ್ಲಿ ಕರಗಿಹೋಗದೆ, ಘಟನೆ ಹೀಗೆಯೇ ಏಕೆ ನಡೆಯಬೇಕಿತ್ತು ಎಂದು ವಿಚಾರಿಸುವಂತೆ, ಪರಿಚಿತವಾದುದನ್ನು ಅಪರಿಚಿತವಾಗಿಸಿ ತೋರಿಸುವುದು ಇದರ ಉದ್ದೇಶ. ರಸ್ತೆ ಅಪಘಾತ ಕಂಡವನು ನೆರೆದವರಿಗೆ ಅದನ್ನು ನಟಿಸಿ ವಿವರಿಸುವ ಹಾಗೆ ನಟ ಪಾತ್ರದಿಂದ ತುಸು ದೂರ ನಿಲ್ಲಬೇಕಾದ್ದರಿಂದ, ತಾಲೀಮಿನಲ್ಲಿ ಮಾತುಗಳನ್ನು ‘ನಾನು’ ಇದ್ದಲ್ಲಿ ‘ಅವನು’ ಎಂದು ಬದಲಿಸಿ, ಭೂತಕಾಲಕ್ಕೆ ತಿರುಗಿಸಿ, ರಂಗಸೂಚನೆಗಳನ್ನೂ ಸೇರಿಸಿ ಹೇಳಿಸಲಾಗುತ್ತದೆ. ಭಾವಕ್ಕೆ ಇಲ್ಲಿ ಜಾಗವೇ ಇಲ್ಲವೆಂಬ ಗ್ರಹಿಕೆ ಸರಿಯಲ್ಲ; ಭಾವವನ್ನೂ ವಿಚಾರಕ್ಕೆ ಒಡ್ಡಲಾಗುತ್ತದೆ. ಪಾತ್ರದ ಸಾಮಾಜಿಕ ಸಂಬಂಧಗಳನ್ನು ಬಯಲಿಗಿಡುವ ಭಂಗಿ ಅಥವಾ ಚಲನೆಗೆ ‘ಗೆಸ್ಟುಸ್’ ಎಂದು ಹೆಸರು: ಬ್ರೆಕ್ಟ್‌ನ ‘ಮದರ್ ಕರೇಜ್’ ನಾಟಕದ 1949ರ ಬರ್ಲಿನ್ ಪ್ರಯೋಗದಲ್ಲಿ ಆ ಹೆಸರಿನ ಪಾತ್ರ ವಹಿಸಿದ ಹೆಲೆನ ವೈಗೆಲ್, ಸತ್ತ ಮಗಳನ್ನು ಮಣ್ಣು ಮಾಡಲು ರೈತರಿಗೆ ಕೊಡಲೆಂದು ತೆಗೆದ ಹಣದಲ್ಲಿ ಒಂದು ನಾಣ್ಯವನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.